ಸಾಕ್ಷಿಗೆ ಬಂದ ಖಡಕ್ ರೊಟ್ಟಿ

ಎಲ್ಲ ಗದ್ದಲಕ್ಕೂ ಕಾರಣವಾದದ್ದು ಎರಡು ಸಾಲಿನ ಒಂದು ಮರಾಠಿ ಟಿಪ್ಪಣಿ. ಕೆಂಪು ಶಾಯಿಯ ಆ ಟಿಪ್ಪಣಿ ಗುರುವಾರ ಮಧ್ಯಾಹ್ನವೇ ಸಪ್ನಾಳ ಶಾಲೆಯ ಡೈರಿಯಲ್ಲಿ ಬಂದು ಕೂತಿತ್ತು. ಮೂರನೆಯ ಇಯತ್ತೆಯಲ್ಲಿ, ಅಂದರೆ ಮೂರನೆಯ ತರಗತಿಯಲ್ಲಿ, ಓದುವ ಆ ಹುಡುಗಿ ಅದನ್ನು ಅಪ್ಪನ ಮುಂದೆ ಹಿಡಿದದ್ದು ಮಾತ್ರ ಶುಕ್ರವಾರ ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ, ಕೆಳಗೆ ರಿಕ್ಷಾ ಕಾಕಾ ಹಾರ್ನ್ ಹೊಡೆಯುತ್ತಿದ್ದಾಗ, ಒಂದೇ ಕಾಲಿಗೆ ಬೂಟು ಹಾಕಿಕೊಂಡು.

"ಅಪ್ಪಾ, ಸಹಿ ಮಾಡು. ಲಗೂನ."

ಕಾಡಪ್ಪ ಗಡ್ಡಕ್ಕೆ ಸಾಬೂನು ಹಚ್ಚಿಕೊಂಡು ಕನ್ನಡಿಯ ಮುಂದೆ ನಿಂತಿದ್ದ. ಓದದೆ ಸಹಿ ಮಾಡುವ ಜಾತಿಯವನಲ್ಲ ಅವನು. ಪುಣೆಯ ಮಾರ್ಕೆಟ್ ಯಾರ್ಡಿನ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಹದಿಮೂರು ವರ್ಷದಿಂದ ಗುಮಾಸ್ತ; ಲಾರಿ ಚೀಟಿಯಲ್ಲಿ ಚೀಲ ಎಷ್ಟು, ಒಡೆದದ್ದೆಷ್ಟು ಎಂದು ಮೂರು ಸಲ ನೋಡಿಯೇ ಪೆನ್ನು ತೆಗೆಯುವವನು. ಡೈರಿಯನ್ನೂ ಹಾಗೆಯೇ ಓದಿದ.

'ನಿಮ್ಮ ಮಗಳ ಡಬ್ಬಿಯಲ್ಲಿ ದಿನವೂ ಪಾಪಡ್ ಮತ್ತು ಇತರ ಪದಾರ್ಥಗಳು ಇರುತ್ತವೆ. ಇದು ಊಟವಲ್ಲ. ಪಾಲಕರು ಶುಕ್ರವಾರ ಹನ್ನೊಂದೂವರೆಗೆ ಖುದ್ದಾಗಿ ಭೇಟಿಯಾಗಬೇಕು.'

"ಪಾಪಡ?" ಎಂದ ಕಾಡಪ್ಪ. ಬಾಯಿಗೆ ಸಾಬೂನು ಹೋಯಿತು. "ಶಿವಬಸವ್ವಾ, ಇಲ್ಲಿ ಬಾ. ನಮ್ಮವ್ವನ ರೊಟ್ಟಿಗೆ ಪಾಪಡ ಅಂದಾರ!"

ಇಲ್ಲಿ ಒಂದು ಮಾತು ಹೇಳಬೇಕು. ಕಾಡಪ್ಪನ ಊರು ಇಂಡಿ ತಾಲ್ಲೂಕಿನಲ್ಲಿ. ಅವನ ತಾಯಿ ಹತ್ತು ದಿನಕ್ಕೊಮ್ಮೆ ಜೋಳದ ಖಡಕ್ ರೊಟ್ಟಿ ಬಡಿದು, ಒಣಗಿಸಿ, ನಲವತ್ತರ ಒಂದು ಕಟ್ಟು ಕಟ್ಟಿ ಪುಣೆಗೆ ಕಳಿಸುತ್ತಿದ್ದಳು. ಕಟ್ಟು ಬರುತ್ತಿದ್ದದ್ದು ಹುಲಿಗೆಪ್ಪನ ಲಾರಿಯಲ್ಲಿ, ಮಾರ್ಕೆಟ್ ಯಾರ್ಡಿಗೆ ಬರುವ ಲಿಂಬೆಹಣ್ಣಿನ ಚೀಲಗಳ ಜೊತೆ. ಬೆಳಿಗ್ಗೆ ಬಡಿದ ಮೆತ್ತನೆಯ ರೊಟ್ಟಿ ಮಧ್ಯಾಹ್ನದ ಹೊತ್ತಿಗೆ ಚಪ್ಪಲಿಯ ಅಟ್ಟೆಯಂತಾಗುತ್ತದೆ. ಖಡಕ್ ರೊಟ್ಟಿಗೆ ಆ ಭಯವಿಲ್ಲ. ಆದ್ದರಿಂದ ತಂದೆಗೂ ಮಗಳಿಗೂ ಡಬ್ಬಿಯಲ್ಲಿ ಅದೇ: ಖಡಕ್ ರೊಟ್ಟಿ, ಮೊಳಕೆ ಕಾಳಿನ ಪಲ್ಯ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಮೊಸರು. ಎರಡು ವರ್ಷದ ಹಿಂದೆ ಡಾಕ್ಟರರು ಕಾಡಪ್ಪನ ರಕ್ತದಲ್ಲಿ ಕೊಬ್ಬು ಹೆಚ್ಚಾಗಿದೆ, ಕರಿದದ್ದನ್ನು ಮುಟ್ಟಕೂಡದು ಎಂದ ಮೇಲಂತೂ ಶಿವಬಸವ್ವ ಮನೆಯ ಬಾಣಲೆಯನ್ನೇ ಅಟ್ಟಕ್ಕೆ ಏರಿಸಿದ್ದಳು. ಸಂಜೆ ಎರಡೂ ಡಬ್ಬಿಗಳು ತೊಳೆದಿಟ್ಟಂತೆ ಖಾಲಿಯಾಗಿ ಮನೆಗೆ ಬರುತ್ತಿದ್ದವು. ಇದು ಅವಳ ಹೆಮ್ಮೆ. ನೀರಿನ ಸರದಿಯಲ್ಲಿ ನಿಂತಾಗ ಇಡೀ ಬಿಲ್ಡಿಂಗಿಗೆ ಹೇಳುತ್ತಿದ್ದಳು.

ಅಂಥವಳು ಲಟ್ಟಣಿಗೆ ಹಿಡಿದುಕೊಂಡೇ ಹೊರಗೆ ಬಂದಳು. "ಸಪ್ನಾ, ಡಬ್ಯಾಗ ಏನ ಒಯ್ತಿ ನೀ?"

"ನೀ ಹಾಕಿದ್ದ ಒಯ್ತೀನಿ," ಎಂದಳು ಸಪ್ನಾ, ಎರಡನೆಯ ಬೂಟನ್ನು ಕೈಯಲ್ಲಿ ಹಿಡಿದು ಮೆಟ್ಟಿಲು ಇಳಿಯುತ್ತ. ಅದು ಅಕ್ಷರಶಃ ನಿಜವಾಗಿತ್ತು.

"ಆತಲ್ಲ!" ಎಂದ ಕಾಡಪ್ಪ. "ಅವರ ಟೀಚರ್ ಬಾಯಿಯವರಿಗೆ ಖಡಕ್ ರೊಟ್ಟಿ ಗೊತ್ತಿಲ್ಲ. ತೆಳ್ಳಗದ, ಮುರಿದ್ರ ಸಪ್ಪಳ ಆಗ್ತದ, ಪಾಪಡ ಅಂತ ಬರದಾರ."

"ಮತ್ತ 'ಇತರ ಪದಾರ್ಥ' ಅಂದ್ರೇನ್ರಿ?"

"ನಿನ್ನ ಶೇಂಗಾ ಹಿಂಡಿ."

ಶಿವಬಸವ್ವನ ಮುಖ ಕೆಂಪಾಯಿತು. ಅತ್ತೆಯ ರೊಟ್ಟಿಗೆ ಪಾಪಡ್ ಎಂದದ್ದನ್ನು ಅವಳು ಹೇಗಾದರೂ ಸಹಿಸಬಹುದಿತ್ತು. ತನ್ನ ಹಿಂಡಿಗೆ 'ಇತರ' ಎಂದದ್ದನ್ನಲ್ಲ. "ನಾನೂ ಬರ್ತೀನಿ ಸಾಲಿಗೆ. ಹೆಂಗ ಬರದಾರ ಕೇಳೇ ಬಿಡ್ತೀನಿ."

"ನೀ ಬ್ಯಾಡ, ನೀ ಬ್ಯಾಡ," ಎಂದ ಕಾಡಪ್ಪ, ಸ್ವಲ್ಪ ಅವಸರದಿಂದಲೇ. "ನಾ ನೋಡ್ಕೋತೀನಿ."

ಧ್ವನಿ ಏರಿದ್ದರಿಂದ ಎರಡನೆಯ ಮಹಡಿಯ ಪ್ರಲ್ಹಾದರಾಯರು ಬಂದೇ ಬಂದರು. ರೇಲ್ವೆಯಿಂದ ನಿವೃತ್ತರಾದ ಧಾರವಾಡದ ಈ ಹಿರಿಯರಿಗೆ ಕಟ್ಟಡದಲ್ಲಿ ಯಾರ ಮನೆಯಲ್ಲಿ ಜಗಳವಾದರೂ ಮನಸ್ಸು ಅರಳುತ್ತಿತ್ತು. ಜಗಳವಾದರೆ ಅರ್ಜಿ ಬೇಕಾಗುತ್ತದೆ, ಅರ್ಜಿಯನ್ನು ಇಂಗ್ಲಿಷಿನಲ್ಲಿ ಬರೆಯುವವರು ತಾವೊಬ್ಬರೇ. ಡೈರಿಯನ್ನು ಕನ್ನಡಕದ ಮೇಲಿನಿಂದ ಒಮ್ಮೆ, ಕೆಳಗಿನಿಂದ ಒಮ್ಮೆ ಓದಿದರು.

"ಕಾಡಪ್ಪನವರ, ಇದು ಬಾಯಿಮಾತಿನಿಂದ ಆಗೂ ಕೆಲಸ ಅಲ್ಲ. ಲೇಖೀ ಹೋಗಬೇಕು. ಅರ್ಧಾ ತಾಸು ಕೂಡ್ರಿ."

ಅರ್ಧ ತಾಸು ಒಂದು ತಾಸಾಯಿತು. ಎರಡು ದೊಡ್ಡ ಹಾಳೆಗಳ ಅರ್ಜಿಯಲ್ಲಿ ಜೋಳದ ಇತಿಹಾಸವಿತ್ತು, ರೊಟ್ಟಿಗೂ ಪಾಪಡಿಗೂ ಇರುವ ಒಂಬತ್ತು ಭೇದಗಳಿದ್ದವು, ಕೊನೆಗೆ ರೇಲ್ವೆಯಲ್ಲಿ ರಾಯರಿಗೆ ಬಡ್ತಿ ತಪ್ಪಿದ ಸಂಗತಿಯೂ ಹೇಗೋ ಸೇರಿಕೊಂಡಿತ್ತು.

"ಅರ್ಜಿ ಕೊಟ್ರ ಮುಗೀಲಿಲ್ಲ," ಎಂದರು ರಾಯರು. "ಪುರಾವೆ ಬೇಕು. ರೊಟ್ಟಿ ಹಾಜರು ಮಾಡ್ರಿ."

ರೊಟ್ಟಿ ಎಲ್ಲಿಂದ ತರುವುದು? ಡಬ್ಬದಲ್ಲಿ ಉಳಿದಿದ್ದ ಕೊನೆಯ ನಾಲ್ಕನ್ನು ಶಿವಬಸವ್ವ ಆಗಲೇ ತಂದೆಗೆರಡು ಮಗಳಿಗೆರಡು ಹಾಕಿಬಿಟ್ಟಿದ್ದಳು. "ನನ್ನ ಡಬ್ಯಾಗಿನ ಎರಡ ತೋರಸ್ತೀನಿ," ಎಂದ ಕಾಡಪ್ಪ. ರಾಯರು ಸಾಲದೆಂದು ತಲೆಯಾಡಿಸಿದರು. ಎರಡು ರೊಟ್ಟಿಯಿಂದ ಏನು ಸಾಬೀತಾಗುತ್ತದೆ? ಮೊಹರು ಒಡೆಯದ ಕಟ್ಟು ಬೇಕು. ಪುಣ್ಯಕ್ಕೆ ಅಂದೇ ಹುಲಿಗೆಪ್ಪನ ಲಾರಿ ಬರುವ ದಿನ.

ಒಂಬತ್ತಕ್ಕೆ ಕಾಡಪ್ಪ ಮಾರ್ಕೆಟ್ ಯಾರ್ಡಿನಲ್ಲಿದ್ದ. ಲಾರಿಯೂ ಇತ್ತು. ಹುಲಿಗೆಪ್ಪ ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ನಿದ್ದೆ ಹೊಡೆಯುತ್ತಿದ್ದ.

"ಹುಲಿಗೆಪ್ಪಾ, ಅವ್ವನ ಗಂಟ ಎಲ್ಲದ?"

"ಅದರೀ, ಅದ," ಎಂದ ಹುಲಿಗೆಪ್ಪ, ಕಣ್ಣು ತೆರೆಯದೆ. "ಅವ್ವ ಜ್ವಾಕಿ ಅಂದಿದ್ರು. ಅದಕ್ಕ ಎಲ್ಲಾಕಿಂತ ಮೊದಲ ಇಟ್ಟೀನಿ."

ಲಾರಿಯಲ್ಲಿ ಎಲ್ಲಕ್ಕಿಂತ ಮೊದಲು ಇಟ್ಟದ್ದು ಎಲ್ಲಕ್ಕಿಂತ ಕೊನೆಗೆ ಸಿಗುತ್ತದೆ ಎಂಬುದು ಕಾಡಪ್ಪನಂಥ ಗುಮಾಸ್ತನಿಗೆ ಹೇಳಿಕೊಡಬೇಕಾದ ಮಾತಲ್ಲ. ಹಮಾಲರು ಚಹಾಕ್ಕೆ ಹೋಗಿದ್ದರು. ಇಸ್ತ್ರಿ ಮಾಡಿದ ಅಂಗಿಯ ತೋಳು ಮಡಚಿ ತಾನೇ ಹತ್ತಿದ. ಹದಿನೆಂಟು ಚೀಲ ಸರಿಸುವಾಗ ಹತ್ತೊಂಬತ್ತನೆಯದು ಬಿಚ್ಚಿಕೊಂಡು ಲಿಂಬೆಹಣ್ಣು ಮೊಣಕಾಲಿನವರೆಗೆ ಬಂದವು. ಗಂಟು ಹಿಡಿದು ಕೆಳಗಿಳಿದಾಗ ಗಂಟೆ ಹತ್ತೂವರೆ. ಅಂಗಿ ಹಿಂಡಿದರೆ ಒಂದು ಗ್ಲಾಸು ಶರಬತ್ತಾಗುವಂತಿತ್ತು.

ಯಾರ್ಡಿನ ಗೇಟಿನ ಎದುರಿಗೇ ಭುಜಂಗ ಶೆಟ್ಟರ ಹೋಟೆಲು. ಕಾರ್ಕಳದ ಕಡೆಯ ಭುಜಂಗರ ಮನೆಯೂ ಕಾಡಪ್ಪನ ಮನೆಯಂತೆ ಧನಕವಡಿ ಬಡಾವಣೆಯಲ್ಲೇ, ಅವರ ಮಗ ಸುದೀಪ ಸಪ್ನಾಳ ತರಗತಿಯವನೇ. ಎರಡು ಕನ್ನಡದ ಮನೆಗಳಿಗೆ ಅಷ್ಟು ಸಾಕು. ಕಾಡಪ್ಪ ದಿನವೂ ಮಧ್ಯಾಹ್ನ ಡಬ್ಬಿ ತೆಗೆದುಕೊಂಡು ಹೋಗಿ ಕೂಡುತ್ತಿದ್ದದ್ದು ಅವರ ಹೋಟೆಲಿನ ಹಿಂದಿನ ಕೋಣೆಯಲ್ಲೇ. ಹೊರಗೆ ಧೂಳು ಎಂದು ಮನೆಯಲ್ಲಿ ಹೇಳಿದ್ದ.

"ಎಂತ ಮಾರಾಯ್ರೆ, ಲಿಂಬೆಹಣ್ಣಿನ ಬಾವಿಗೆ ಬಿದ್ದಿರಾ?" ಎಂದರು ಭುಜಂಗ, ಗಲ್ಲಾಪೆಟ್ಟಿಗೆಯ ಹಿಂದಿನಿಂದಲೇ.

ಕಾಡಪ್ಪ ಎಲ್ಲವನ್ನೂ ಹೇಳಿದ. ಭುಜಂಗರು ಕೇಳುತ್ತ ಕೇಳುತ್ತ ಎದ್ದು ನಿಂತರು.

"ಪಾಪಡ್ ಅಂತ ಹೇಳಿದರಾ? ಈ ರೊಟ್ಟಿಗೆ? ಇವರಿಗೆ ಊಟದ ಬಗ್ಗೆ ಎಂತ ಗೊತ್ತುಂಟು! ನಾನೂ ಬರ್ತೇನೆ. ಇಪ್ಪತ್ತು ವರ್ಷ ಹೋಟೆಲು ನಡೆಸಿದವ ಸಾಕ್ಷಿ ಹೇಳಿದರೆ ಅದಕ್ಕೊಂದು ತೂಕ ಬೇರೆ." ಆಮೇಲೆ ಸ್ವರ ತಗ್ಗಿಸಿದರು. "ಅಲ್ಲದೆ ನನಗೂ ಒಂದು ಚೀಟಿ ಬಂದಿದೆ. ಹನ್ನೊಂದೂವರೆಗೇ ಬರಬೇಕಂತೆ. ಎಂತಕ್ಕೆ ಅಂತ ಬರೀಲಿಲ್ಲ. ಸುದೀಪ ಯಾರ ಹಲ್ಲು ಉದುರಿಸಿದ್ದಾನೋ. ಒಬ್ಬನೇ ಹೋಗ್ಲಿಕ್ಕೆ ಹೆದರಿಕೆ."

ಹೀಗೆ ಸ್ಕೂಟರಿನ ಮುಂದೆ ಕಾಡಪ್ಪ, ಹಿಂದೆ ಭುಜಂಗರು, ನಡುವೆ ಎಳೆಕೂಸಿನಂತೆ ನಲವತ್ತು ರೊಟ್ಟಿಯ ಗಂಟು. ಸಾತಾರಾ ರಸ್ತೆಯಲ್ಲಿ ಪದ್ಮಾವತಿಯವರೆಗೆ ಎಲ್ಲ ಸುಸೂತ್ರ. ಅಲ್ಲಿ ನಿನ್ನೆಯವರೆಗೆ ಇಲ್ಲದ ಒಂದು ಸ್ಪೀಡ್‌ಬ್ರೇಕರ್ ಇವತ್ತು ಇತ್ತು. ಸ್ಕೂಟರ್ ಹಾರಿತು, ಭುಜಂಗರು ಹಾರಿದರು, ಮರಳಿ ಕೂತರು. ಕೂತದ್ದು ಗಂಟಿನ ಮೇಲೆ. ಭುಜಂಗರ ತೂಕ ತೊಂಬತ್ತೆರಡು ಕಿಲೊ.

ದೀಪಾವಳಿಯ ಸರ ಪಟಾಕಿಯಂಥ ಸಪ್ಪಳ ಕೇಳಿ ಪಕ್ಕದ ರಿಕ್ಷಾದವನು ಬ್ರೇಕ್ ಹಾಕಿದ.

"ಏನ್ರೀ ಅದು ಶೆಟ್ರ?"

"ನೀವು ಮುಂದೆ ನೋಡಿ ಓಡಿಸಿ ಮಾರಾಯ್ರೆ," ಎಂದರು ಭುಜಂಗ, ಕ್ಷೀಣ ಸ್ವರದಲ್ಲಿ.

ಶಾಲೆಯ ಮುಂದೆ ಗಂಟು ಬಿಚ್ಚಿದಾಗ ಮೂವತ್ತೊಂಬತ್ತು ರೊಟ್ಟಿಗಳು ಎರಡೆರಡು ಬೆರಳಗಲದ ಚೂರುಗಳಾಗಿದ್ದವು. ಅವನ್ನು ನೋಡಿದರೆ ಜಗತ್ತಿನ ಯಾವ ಮನುಷ್ಯನೂ ರೊಟ್ಟಿ ಎನ್ನುತ್ತಿರಲಿಲ್ಲ. ಎಲ್ಲರೂ ಪಾಪಡ್ ಎಂದೇ ಹೇಳುತ್ತಿದ್ದರು. ಬಟ್ಟೆಯೂ ಹರಿದಿತ್ತು. ಬೇರೇನೂ ತೋಚದೆ ಕಾಡಪ್ಪ ರಾಯರ ಅರ್ಜಿಯ ಮೊದಲ ಹಾಳೆಯನ್ನು ಸುರುಳಿ ಸುತ್ತಿ ಒಂದಷ್ಟು ಚೂರು ತುಂಬಿದ. ಅದು ಥೇಟ್ ಭೇಳಪುರಿಯಂತೆ ಕಾಣಿಸಿತು. ಪವಾಡದಂತೆ ಇಡಿಯಾಗಿ ಉಳಿದಿದ್ದ ಒಂದೇ ಒಂದು ರೊಟ್ಟಿಯನ್ನು ಭುಜಂಗರು ಪ್ರಾಯಶ್ಚಿತ್ತವೆಂಬಂತೆ ಎರಡೂ ಅಂಗೈಯಲ್ಲಿ ಎತ್ತಿ ಹಿಡಿದುಕೊಂಡರು.

ವಾಚಮನ್ ಅಡ್ಡ ಬಂದ. ಪಾಪಡ್ ಮಾರುವವರಿಗೆ ಒಳಗೆ ಪ್ರವೇಶವಿಲ್ಲವೆಂದು ಮರಾಠಿಯಲ್ಲಿ, ವಿನಯದಿಂದಲೇ ತಿಳಿಸಿದ.

ಕಾಡಪ್ಪ ಡೈರಿಯ ಮಾತು ಹೇಳಿ ಒಳಗೆ ಹೋಗುವಷ್ಟರಲ್ಲಿ ಡಬ್ಬಿಯ ಗಂಟೆ ಹೊಡೆದಿತ್ತು. ಕಚೇರಿಯಲ್ಲಿ ಇಂದೂ ಬಾಯಿ ಕಾಯುತ್ತಿದ್ದರು. ಐವತ್ತರ ಆಸುಪಾಸಿನ, ಕನ್ನಡಕಕ್ಕೆ ದಾರ ಕಟ್ಟಿಕೊಂಡ ಈ ಮುಖ್ಯೋಪಾಧ್ಯಾಯಿನಿ ಮೂರನೆಯ ಇಯತ್ತೆಗೆ ತಾವೇ ಪಾಠ ಹೇಳುತ್ತಿದ್ದರು, ತಾವೇ ಡಬ್ಬಿ ನೋಡುತ್ತಿದ್ದರು. ವರ್ಷದಿಂದೀಚೆಗೆ ಮಕ್ಕಳು ಚಿಪ್ಸು, ವಡಾಪಾವು ತರುವುದು ಹೆಚ್ಚಾಗಿ, ಪ್ರಾರ್ಥನೆಯ ಹೊತ್ತಿಗೆ ಇಬ್ಬರಿಗಾದರೂ ಹೊಟ್ಟೆನೋವು ಬರುತ್ತಿತ್ತು. ಅದನ್ನು ನಿಲ್ಲಿಸಲು ಅವರು ಹೊರಟಿದ್ದರು.

"ನೀವು ಸಪ್ನಾಳ ಪಾಲಕರಲ್ಲವೆ?" ಎಂದು ಮರಾಠಿಯಲ್ಲಿ ಕೇಳಿ, ಜೊತೆಯಲ್ಲಿ ರೊಟ್ಟಿ ಹೊತ್ತು ನಿಂತವರನ್ನು ಚಿಕ್ಕಪ್ಪನಿರಬೇಕೆಂದುಕೊಂಡು ಇಬ್ಬರಿಗೂ ಕುರ್ಚಿ ತೋರಿಸಿದರು.

ಕಾಡಪ್ಪ ಕೂಡಲಿಲ್ಲ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜೋಡಿಸಿಕೊಂಡ ಮರಾಠಿ ಚೆಲ್ಲಿಹೋಗುವ ಮೊದಲು ಹೇಳಿ ಮುಗಿಸಬೇಕಿತ್ತು. ಇದು ಪಾಪಡ್ ಅಲ್ಲ, ಜೋಳದ ರೊಟ್ಟಿ. ಕೆಂಡದ ಮೇಲೆ ಸುಟ್ಟದ್ದು. ನನ್ನ ಎಪ್ಪತ್ತು ವರ್ಷದ ತಾಯಿ ಬಡಿದದ್ದು. ಇದರಲ್ಲಿ ಎಣ್ಣೆಯ ಹನಿಯೂ ಇಲ್ಲ. "ನೋಡಿ," ಎಂದು ಒಂದು ಚೂರನ್ನು ಅರ್ಜಿಯ ಎರಡನೆಯ ಹಾಳೆಯ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿ ತೆಗೆದ. ಹಾಳೆ ಒಣಗಿದಂತೆಯೇ ಇತ್ತು. ರೇಲ್ವೆ ಬಡ್ತಿಯ ಸಾಲನ್ನು ಸ್ಪಷ್ಟವಾಗಿ ಓದಬಹುದಿತ್ತು.

ಭುಜಂಗರಿಗೂ ಸ್ಫೂರ್ತಿ ಬಂತು. ಹೋಟೆಲಿನ ಮರಾಠಿಯಲ್ಲಿ ಶುರು ಮಾಡಿದರು. "ಬಾಯಿ, ತಪ್ಪು ಮಕ್ಕಳದ್ದಲ್ಲ, ಅಪ್ಪಂದಿರದ್ದು. ಮಗನ ಡಬ್ಬಿಯಲ್ಲಿ ಎಂತ ಉಂಟು ಅಂತ ಅಪ್ಪನಿಗೆ ಗೊತ್ತಿರಬೇಕು. ಎಣ್ಣೆಯಲ್ಲಿ ಕರಿದದ್ದನ್ನು ಮಕ್ಕಳಿಗೆ ಕಟ್ಟಿಕೊಡುವ ಅಪ್ಪಂದಿರನ್ನು ಇದೇ ಕಚೇರಿಯಲ್ಲಿ ಬೆಂಚಿನ ಮೇಲೆ ನಿಲ್ಲಿಸಬೇಕು!"

ಇಂದೂ ಬಾಯಿ ಅಡ್ಡ ಬಾಯಿ ಹಾಕದೆ ಎಲ್ಲವನ್ನೂ ಕೇಳಿದರು. ಸುರುಳಿಯಿಂದ ಒಂದು ಚೂರು ತೆಗೆದು ಬಾಯಿಗೆ ಹಾಕಿಕೊಂಡು ಕಟುಮ್ ಎಂದು ಕಡಿದರು. ಅವರ ಕಣ್ಣು ಮೆಲ್ಲಗೆ ಮುಚ್ಚಿದವು.

"ನನ್ನ ತವರು ಸೋಲಾಪುರ," ಎಂದರು. "ಇದನ್ನು ತಿಂದೇ ಬೆಳೆದವಳು. ಖಡಕ್ ಭಾಕರಿ ಯಾವುದು, ಪಾಪಡ್ ಯಾವುದು ನನಗೆ ಗೊತ್ತಿಲ್ಲವೆ? ನಿಮ್ಮ ಮಗಳ ಡಬ್ಬಿಯಲ್ಲಿ ಸಿಕ್ಕದ್ದು ಇದಲ್ಲ."

ಡ್ರಾಯರ್ ಎಳೆದು ಒಂದು ಪ್ಲಾಸ್ಟಿಕ್ ಚೀಲ ಮೇಜಿನ ಮೇಲಿಟ್ಟರು. "ಎಂಟು ದಿನದಿಂದ ಅವಳ ಹತ್ತಿರ ಕಿತ್ತಿಟ್ಟದ್ದು ಇದು." ಚೀಲದಲ್ಲಿ ಮೂರೇ ಮೂರು ಪಾಪಡ್ ಇದ್ದವು. ಎಂಟು ದಿನಕ್ಕೆ ಮೂರು ಹೇಗೆ ಎಂದು ಗುಮಾಸ್ತನ ಮನಸ್ಸು ಒಂದು ಕ್ಷಣ ಎಡವಿತು. ಆದರೆ ಬಾಯಿ ಆಗಲೇ ಒಂದನ್ನು ತೆಗೆದು ಅದೇ ಹಾಳೆಯ ಮೇಲೆ ಒತ್ತಿದ್ದರು. ರಾಯರ ಬಡ್ತಿಯ ಸಾಲಿನ ಮೇಲೆ ರೂಪಾಯಿಯಗಲದ ಎಣ್ಣೆಯ ಕಲೆ ಮೂಡಿತು. ಅದರೊಳಗಿಂದ ಮೇಜಿನ ಗೆರೆಗಳೇ ಕಾಣುತ್ತಿದ್ದವು.

ಕಾಡಪ್ಪನ ಮೂಗಿಗೆ ವಾಸನೆ ತಟ್ಟಿದ್ದೂ ಆಗಲೇ. ಅದು ಉದ್ದಿನ ಪಾಪಡ್ ಅಲ್ಲ, ಅಕ್ಕಿಯದೂ ಅಲ್ಲ. ಹಲಸಿನ ಹಪ್ಪಳ. ಭುಜಂಗರ ಹೆಂಡತಿ ಪಂಕಜಾಕ್ಷಿಯ ತವರಿನಿಂದ ಬೇಸಿಗೆಯಲ್ಲಿ ಬರುವಂಥದ್ದು. ಇಡೀ ಮಾರ್ಕೆಟ್ ಯಾರ್ಡಿನಲ್ಲಿ ಅದನ್ನು ಕರಿಯುವ ಬಾಂಡಲಿ ಒಂದೇ ಒಂದು. ಅವನು ಭುಜಂಗರ ಕಡೆ ನೋಡಿದ. ಭುಜಂಗರು ಗೋಡೆಯ ಮೇಲಿನ ತರಕಾರಿಗಳ ಚಿತ್ರಪಟ ನೋಡುತ್ತಿದ್ದರು.

"ಹಾಗಂತ ಒಳ್ಳೆಯ ಪಾಲಕರು ಇಲ್ಲವೆಂದಲ್ಲ," ಎಂದು ಬಾಯಿ ಮುಂದುವರಿಸಿದರು. "ಅದೇ ತರಗತಿಯಲ್ಲಿ ಒಬ್ಬ ಹುಡುಗನಿದ್ದಾನೆ. ದಿನಾ ಇಂಥದೇ ಭಾಕರಿ, ಮೊಳಕೆ ಕಾಳು, ಶೇಂಗಾ ಚಟ್ನಿ. ಎಂಥ ಚಟ್ನಿ! ಅವನ ಅಪ್ಪನಿಗೆ ಇವತ್ತು ಸತ್ಕಾರ ಇಟ್ಟುಕೊಂಡಿದ್ದೇನೆ. ಸುದೀಪ ಶೆಟ್ಟಿಯ ತಂದೆ. ಇನ್ನೂ ಬಂದಹಾಗಿಲ್ಲ."

ಭುಜಂಗರು ಬಹಳ ನಿಧಾನವಾಗಿ ಕೈ ಎತ್ತಿದರು. ಎತ್ತಿದ ಕೈಯಲ್ಲಿ ರೊಟ್ಟಿಯೂ ಇತ್ತು.

"ಅಯ್ಯೋ, ನೀವೇನಾ!" ಎಂದು ಬಾಯಿ ಎದ್ದೇಬಿಟ್ಟರು. "ಆಗಿನಿಂದ ಕೈಯಲ್ಲೇ ಹಿಡಿದುಕೊಂಡು ನಿಂತಿದ್ದೀರಿ, ನನಗೆ ಹೊಳೆಯಲೇ ಇಲ್ಲ ನೋಡಿ!" ತೆಂಗಿನಕಾಯಿ, ಗುಲಾಬಿ ಹೂವು ಭುಜಂಗರ ಕೈ ಸೇರಿದವು. ಬೆಂಚಿನ ಮೇಲೆ ನಿಲ್ಲಿಸಬೇಕೆಂಬ ಅವರ ಮಾತನ್ನು ಬಾಯಿ ವಿಶೇಷವಾಗಿ ಹೊಗಳಿದರು. ಹೊಗಳುತ್ತ ಕಾಡಪ್ಪನ ಕಡೆ ನೋಡಿದರು.

ಕಾಡಪ್ಪ ಹೇಳಿಯೇಬಿಡಬೇಕೆಂದು ಬಾಯಿ ತೆರೆದ. ಆ ರೊಟ್ಟಿ ನಮ್ಮವ್ವನದು, ಆ ಹಿಂಡಿ ನನ್ನ ಹೆಂಡತಿಯದು, ಈ ಹಪ್ಪಳ ಈ ಮನುಷ್ಯನದು! ಮೂರು ಮಾತು, ಅಷ್ಟೇ. ಆದರೆ ವಾಸನೆಯಿಂದಲೇ ಹಪ್ಪಳದ ಕುಲ ಹೇಗೆ ಹಿಡಿದಿರಿ ಎಂದು ಯಾರಾದರೂ ಕೇಳಿದರೆ? ಆ ಪ್ರಶ್ನೆಯ ಆಚೆ ಏನಿದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಭುಜಂಗರು ಮೇಜಿನ ಕೆಳಗೆ ಅವನ ಕಾಲನ್ನು ಮೆಟ್ಟಿದರು. ತೊಂಬತ್ತೆರಡು ಕಿಲೊ.

"ಆಯ್ತು ಬಾಯಿ," ಎಂದ ಕಾಡಪ್ಪ, ಕಣ್ಣಲ್ಲಿ ನೀರು ತಂದುಕೊಂಡು. "ನಮ್ಮ ತಪ್ಪು. ನಾಳೆಯಿಂದ ಪಾಪಡ್ ಕಳಿಸೂದಿಲ್ಲ."

"ಯಾರ ತಪ್ಪು? ಯಾರು ಕಳಿಸೂದಿಲ್ಲ?"

ಬಾಗಿಲಲ್ಲಿ ಶಿವಬಸವ್ವ ನಿಂತಿದ್ದಳು. ಮನೆಯಲ್ಲಿ ಕೂಡಲಾಗದೆ ಬಸ್ಸು ಹಿಡಿದು ಬಂದಿದ್ದಳು. ಒಂದು ಕೈಯಲ್ಲಿ ಶೇಂಗಾ ಹಿಂಡಿಯ ಬಾಟಲಿ, ಇನ್ನೊಂದು ಕೈಯಲ್ಲಿ ಡಬ್ಬಿ ತಿನ್ನುತ್ತಿದ್ದ ಸಪ್ನಾಳ ತೋಳು. ಸಪ್ನಾಳ ಹಿಂದೆ, ಗೆಳತಿಗೆ ಏನಾಗುತ್ತದೆ ನೋಡಲು, ಸುದೀಪ.

"ಇವನೇ ನಮ್ಮ ಆದರ್ಶ ವಿದ್ಯಾರ್ಥಿ," ಎಂದು ಬಾಯಿ ಅವನನ್ನು ಮುಂದೆ ಎಳೆದರು. "ಸುದೀಪ, ನಿನ್ನ ಭಾಕರಿ ಯಾರು ಮಾಡೋದು? ಇವರಿಗೆಲ್ಲ ಹೇಳು."

ಸುದೀಪ ತುಟಿಗೆ ಹತ್ತಿದ್ದ ಹಿಂಡಿಯನ್ನು ನೆಕ್ಕಿ, ಸ್ಪಷ್ಟವಾಗಿ ಹೇಳಿದ. "ಸಪ್ನಾಳ ಅಜ್ಜಿ."

ಇಂದೂ ಬಾಯಿ ಸುದೀಪನನ್ನು ನೋಡಿದರು, ಹಪ್ಪಳ ನೋಡಿದರು, ಭುಜಂಗರ ಕೈಯಲ್ಲಿದ್ದ ತೆಂಗಿನಕಾಯಿ ನೋಡಿದರು. ಆಮೇಲೆ ಕನ್ನಡಕ ತೆಗೆದು ಸಪ್ನಾಳ ಮುಂದೆ ಬಾಗಿದರು. "ನೀವಿಬ್ಬರೂ ಡಬ್ಬಿ ಬದಲಾಯಿಸಿಕೊಳ್ಳುತ್ತೀರಾ? ಇದನ್ನು ಯಾರು ಹೇಳಿಕೊಟ್ಟರು?"

ಸಪ್ನಾಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ದಿನಾ ನೀರು ಕುಡಿಯುವುದನ್ನು ಯಾರು ಹೇಳಿಕೊಟ್ಟರು ಎಂದು ಕೇಳಿದಂತೆ ಅವಳ ಮುಖ ಆಯಿತು. "ಯಾರೂ ಇಲ್ಲ. ಡಬ್ಬಿ ಅಂದರೆ ಹಾಗೇ ಅಲ್ಲವಾ?" ಎಂದಳು, ಶಾಲೆಯ ಅಚ್ಚ ಮರಾಠಿಯಲ್ಲಿ, ಕೋಣೆಯಲ್ಲಿದ್ದ ಎಲ್ಲರಿಗೂ ತಿಳಿಯುವಂತೆ. "ಶನಿವಾರ ಶಾಲೆ ಲಗೂ ಬಿಟ್ಟಾಗ ಅಪ್ಪ ನಮ್ಮಿಬ್ಬರನ್ನೂ ಹೋಟೆಲಿಗೆ ಕರಕೊಂಡು ಹೋಗ್ತಾನೆ. ಅಲ್ಲಿ ಅಪ್ಪ ತನ್ನ ಡಬ್ಬಿ ಭುಜಂಗ ಕಾಕಾನಿಗೆ ಕೊಡ್ತಾನೆ. ಕಾಕಾ ಅಪ್ಪನಿಗೆ ಬೋಂಡಾ, ಹಪ್ಪಳ ಕೊಡ್ತಾರೆ. ದೊಡ್ಡವರು ಬದಲಾಯಿಸಿಕೊಂಡೇ ತಿನ್ನೋದು."

ಸುದೀಪ ಹೌದೆಂದು ತಲೆಯಾಡಿಸಿದ. "ನನ್ನ ಪಪ್ಪನಿಗೆ ಹೋಟೆಲಿನ ತಿಂಡಿ ಸೇರೋದೇ ಇಲ್ಲ," ಎಂದೂ ಸೇರಿಸಿದ. ಇದು ಮಾರ್ಕೆಟ್ ಯಾರ್ಡಿನ ಗಿರಾಕಿಗಳ ಕಿವಿಗೆ ಬೀಳಬಾರದ ಮಾತಾಗಿತ್ತು.

ಶಿವಬಸವ್ವ ಗಂಡನನ್ನು ನೋಡಿದಳು. ಎರಡು ವರ್ಷದಿಂದ ತೊಳೆದಿಟ್ಟಂತೆ ಬರುತ್ತಿದ್ದ ಡಬ್ಬಿ, ನೀರಿನ ಸರದಿಯಲ್ಲಿ ಆಡಿದ ಮಾತು, ಅಟ್ಟದ ಮೇಲಿನ ಬಾಣಲೆ, ಎಷ್ಟು ಪಥ್ಯ ಮಾಡಿದರೂ ಯಾಕೆ ಇಳಿಯುವುದಿಲ್ಲ ಎಂದು ಡಾಕ್ಟರರು ತಲೆ ಕೆರೆದುಕೊಂಡ ರಕ್ತದ ರಿಪೋರ್ಟು, ಎಲ್ಲವೂ ಆ ನೋಟದಲ್ಲಿದ್ದವು. ಕಾಡಪ್ಪನಿಗೆ ತಾನು ಲಿಂಬೆಹಣ್ಣಿನ ಹತ್ತೊಂಬತ್ತನೆಯ ಚೀಲದ ಕೆಳಗೇ ಉಳಿದುಬಿಡಬೇಕಿತ್ತು ಎನಿಸಿತು.

"ದಿನಕ್ಕ ಎಷ್ಟ ಬೋಂಡಾ?" ಎಂದಳು, ಬಹಳ ಶಾಂತವಾಗಿ.

"ಎರಡ."

"ನಾಕ," ಎಂದಳು ಸಪ್ನಾ.

ಇಂದೂ ಬಾಯಿ ಮೊದಲು ಭುಜಂಗರ ಕೈಯಿಂದ ತೆಂಗಿನಕಾಯಿ ತೆಗೆದುಕೊಂಡರು. ಗುಲಾಬಿಯನ್ನೂ. ಎರಡನ್ನೂ ಶಿವಬಸವ್ವನಿಗೆ ಕೊಟ್ಟು, ಕುಂಕುಮ ಹಚ್ಚಿ, ಹಿಂಡಿಗೆ ಬೆಳ್ಳುಳ್ಳಿ ಎಷ್ಟು ಹಾಕುತ್ತೀರಿ ಎಂದು ಕೇಳಿ ಬರೆದುಕೊಂಡರು. ಶಿವಬಸವ್ವನ ಮಾನ ಉಳಿಯಿತು. ಉಳಿದದ್ದಷ್ಟೇ ಅಲ್ಲ, ಒಂದು ತೆಂಗಿನಕಾಯಿಯಷ್ಟು ಹೆಚ್ಚಾಯಿತು. ಆಮೇಲೆ ಬಾಯಿ ಅಪ್ಪಂದಿರ ಕಡೆ ತಿರುಗಿದರು.

"ಮಕ್ಕಳಿಗೆ ಶಿಕ್ಷೆ ಇಲ್ಲ. ಅವರು ಕಂಡದ್ದನ್ನು ಮಾಡಿದ್ದಾರೆ. ಒಳ್ಳೆಯದನ್ನು ಕಾಣಲಿ. ಸೋಮವಾರದಿಂದ ಒಂದು ತಿಂಗಳು ನೀವಿಬ್ಬರೂ ಹನ್ನೊಂದೂವರೆಗೆ ಇಲ್ಲಿಗೆ ಬಂದು, ತರಗತಿಯಲ್ಲಿ, ಮಕ್ಕಳ ಮುಂದೆ, ಮನೆಯ ಡಬ್ಬಿ ತಿನ್ನಬೇಕು. ಮಾಲಕರು ಇದ್ದರೆ ಅವರಿಗೆ ನಾನೇ ಚೀಟಿ ಬರೆದುಕೊಡುತ್ತೇನೆ."

"ಬಾಯಿ, ನಮ್ಮದೊಂದು ಅರ್ಜಿ—" ಎಂದು ಕಾಡಪ್ಪ ಏನೋ ಹೇಳಹೋದ. ಎಣ್ಣೆಯ ಕಲೆಯ ಹಾಳೆಯನ್ನು ಬಾಯಿ ಆಗಲೇ ಕಸದ ಬುಟ್ಟಿಗೆ ಹಾಕಿದ್ದರು.

ಸೋಮವಾರ ಬಂತು. ಎಂಟು ವರ್ಷದವರಿಗೆ ಮಾಡಿದ ಬೆಂಚಿನಲ್ಲಿ ಕಾಡಪ್ಪ ಮಂಡಿಯನ್ನು ಕಿವಿಯ ಪಕ್ಕಕ್ಕೆ ತಂದುಕೊಂಡು ಕೂತ. ಸುತ್ತ ನಲವತ್ತೆರಡು ಮಕ್ಕಳು ಪ್ರಾಣಿಸಂಗ್ರಹಾಲಯಕ್ಕೆ ಬಂದಂತೆ ನೋಡುತ್ತಿದ್ದರು. ಡಬ್ಬಿ ತೆರೆದ. ಒಳಗೆ ಮೂವತ್ತೊಂಬತ್ತು ರೊಟ್ಟಿಯ ಚೂರುಗಳಲ್ಲಿ ಅವನ ಪಾಲಿಗೆ ಬಂದ ಪುಡಿ, ಅದರ ಪಕ್ಕದಲ್ಲಿ ಹಾಗಲಕಾಯಿ ಪಲ್ಯ. ಎಣ್ಣೆಯಿಲ್ಲದ್ದು. ಬೆಲ್ಲವನ್ನೂ ಕಾಣದ್ದು.

ಪಕ್ಕದ ಬೆಂಚಿನಿಂದ ಕಟುಮ್ ಎಂಬ ಸದ್ದು ಬಂತು. ಚೂರಾಗದೆ ಉಳಿದಿದ್ದ ಆ ಒಂದೇ ಇಡೀ ರೊಟ್ಟಿಯನ್ನು ಭುಜಂಗರು ಕಡಿಯುತ್ತಿದ್ದರು. ಮೇಲೆ ಮೊಸರು, ಹಿಂಡಿ.

"ಇದೆಲ್ಲಿಂದ ಬಂತ್ರಿ ಶೆಟ್ರ?" ಎಂದ ಕಾಡಪ್ಪ, ಪಿಸುದನಿಯಲ್ಲಿ.

"ನಿಮ್ಮ ಮನೆಯವರೇ ಕೊಟ್ಟದ್ದು ಮಾರಾಯ್ರೆ. ಪಂಕಜಾಕ್ಷಿಗೆ ಹೇಳಿದರಂತೆ, ಪಾಪ, ಅವರಾದರೂ ರೊಟ್ಟಿಯ ರುಚಿ ತಿಳಿದವರು ಅಂತ. ಮುಂದಿನ ಕಟ್ಟು ಬಂದ ಮೇಲೆ ದಿನಾ ಎರಡು ಕಳಿಸ್ತಾರಂತೆ."

ಕಾಡಪ್ಪ ಹಾಗಲಕಾಯಿಯನ್ನು ಡಬ್ಬಿಯ ಮೂಲೆಗೆ ಸರಿಸುತ್ತಿರುವಾಗ ಎದುರಿನ ಮೇಜಿನಿಂದ ಇನ್ನೊಂದು ಸದ್ದು ಬಂತು. ಇದು ಕಟುಮ್ ಅಲ್ಲ. ಕರುಂ ಎಂಬ ಹಗುರವಾದ, ಕರಿದದ್ದಕ್ಕೆ ಮಾತ್ರ ಇರುವ ಸದ್ದು. ಬೆನ್ನಿಗೇ ವಾಸನೆಯೂ ತೇಲಿ ಬಂತು. ಇಂದೂ ಬಾಯಿ ಹಾಜರಿ ಪುಸ್ತಕವನ್ನು ಅಡ್ಡ ನಿಲ್ಲಿಸಿಕೊಂಡು, ಅದರ ಹಿಂದೆ ಏನನ್ನೋ ತಿನ್ನುತ್ತಿದ್ದರು. ಎಂಟು ದಿನಕ್ಕೆ ಮೂರೇ ಹೇಗೆ ಎಂಬ ಲೆಕ್ಕ ಕಾಡಪ್ಪನಿಗೆ ಈಗ ಬಗೆಹರಿಯಿತು.

"ನಿನ್ನೆ ಬಾಯಿ ನಮ್ಮ ಮನೆಗೆ ಬಂದಿದ್ದರು," ಎಂದರು ಭುಜಂಗ, ತುಟಿ ಅಲುಗಿಸದೆ. "ಹಲಸಿನದು ಅಂತ ಗೊತ್ತಿರಲಿಲ್ಲವಂತೆ. ಹಣ್ಣಿನ ಜಾತಿ ಅಲ್ವಾ, ಆರೋಗ್ಯಕ್ಕೆ ಒಳ್ಳೇದೇ ಅಂದರು. ಒಂದು ಕಟ್ಟು ತಗೊಂಡು ಹೋದರು."

ಕಾಡಪ್ಪನ ಕೈ ತಾನಾಗಿಯೇ ಡಬ್ಬಿಯ ಮೇಲೆ ಹೋಗಿ, ಅದನ್ನು ಭುಜಂಗರ ಬೆಂಚಿನ ಕಡೆಗೆ ಅರ್ಧ ಅಂಗುಲ ಸರಿಸಿತು. ಒಂದು ತುಂಡು ಇಡಿಯ ರೊಟ್ಟಿಗಾಗಿ, ಹೆಚ್ಚೇನಲ್ಲ. ಎರಡು ವರ್ಷದ ಹಳೆಯ ಅಭ್ಯಾಸ.

ಅವನ ಪಕ್ಕದಲ್ಲೇ ಕೂತಿದ್ದ ಸಪ್ನಾ ಡಬ್ಬಿಯನ್ನು ಎರಡು ಬೆರಳಿನಿಂದ ಹಿಂದಕ್ಕೆ ಎಳೆದಿಟ್ಟಳು. ಅವಳ ಎದೆಯ ಮೇಲೆ ಹೊಸದೊಂದು ಬಿಲ್ಲೆ ಹೊಳೆಯುತ್ತಿತ್ತು.

"ತಿನ್ನಪಾ," ಎಂದಳು, ಅವನ ಬೆನ್ನ ಮೇಲೆ ಕೈಯಾಡಿಸುತ್ತ, ಥೇಟ್ ಅವ್ವನ ಧಾಟಿಯಲ್ಲಿ. "ಹಾಗಲಕಾಯಿ ಬಿಡಬಾರದು. ಬಾಯಿ ನನಗ ಡಬ್ಬಿ ಮಾನಿಟರ್ ಮಾಡ್ಯಾರ. ಸಂಜೀಕ ಅವ್ವಗ ಲೆಕ್ಕಾ ಹೇಳಬೇಕು."